ನಾಲ್ಕು ಅಂಗೈಯಗಲದ ನೆಲ

ಮಗಳೇ,

ಹೋದ ಭಾನುವಾರ ಮಾನ್ವಿಯಿಂದ ಬಂದವಳು ಕಾರನ್ನು ನೇರ ಅಂಗಡಿ ಮುಂದೆ ತಂದು ನಿಲ್ಲಿಸಿ, "ಕಾಕಾ, ಟೈರು ಮಾರಿದವರು ಮೋಸ ಮಾಡ್ಯಾರ. ಆರು ತಿಂಗಳಾಗಿಲ್ಲ, ಬಟನ್ ಎಲ್ಲಾ ಹೋಗ್ಯಾವ" ಅಂದೆ. ನಿನ್ನ ದನಿಯಲ್ಲಿ ಸಿಟ್ಟಿತ್ತು. ಸಿಟ್ಟಿಗಿಂತ ಹೆಚ್ಚಾಗಿ ಸಂಕಟ ಇತ್ತು. ದುಡಿದು ಕೂಡಿಟ್ಟ ದುಡ್ಡು ಕಣ್ಣೆದುರೇ ಡಾಂಬರಿನ ಮೇಲೆ ಸವೆದು ಹೋದರೆ ಯಾರಿಗಾದರೂ ಹಾಗೇ ಆಗುತ್ತದೆ. ಅವತ್ತು ಅಂಗಡಿಯಲ್ಲಿ ಭತ್ತದ ಲಾರಿ ಎರಡು ಕಾಯುತ್ತಿದ್ದವು, ಹುಡುಗರೂ ಇದ್ದರು. ನಾನು ಹೆಚ್ಚು ಮಾತಾಡದೆ ಕಳಿಸಿಬಿಟ್ಟೆ. ರಾತ್ರಿ ಮಲಗಿದರೆ ನಿದ್ದೆ ಹತ್ತಲಿಲ್ಲ. ನಲವತ್ತು ವರ್ಷ ರಾಯಚೂರಿನಲ್ಲಿ ಟೈರು ಬಿಚ್ಚಿ ಹಾಕಿದ ಕೈ ಇದು. ಮನೆಮಗಳಿಗೆ ಹೇಳಬೇಕಾದ್ದನ್ನು ಹೇಳದೆ ಕಳಿಸಿದೆನಲ್ಲ ಎಂದು ಮನಸ್ಸು ಚುಚ್ಚಿತು. ಅದಕ್ಕೇ ಬರೆಯುತ್ತಿದ್ದೇನೆ. ಕರೆಂಟ್ ಕಾರು ತೆಗೆದುಕೊಂಡ ನಿನ್ನ ಓರಗೆಯವರಿಗೂ ಓದಿ ಹೇಳು.

ಮೊದಲು ನಾನು ಕಂಡಿದ್ದನ್ನು ಹೇಳುತ್ತೇನೆ. ಹಿಂದಿನ ಎಡ ಗಾಲಿಗೆ ಜಾಕಿ ಕೊಟ್ಟು ಎತ್ತಿಸಿದೆ. ಹೊರಗಿನಿಂದ ನೋಡಿದರೆ ಇನ್ನೂ ಬಟನ್ ಇದೆ ಎನ್ನಿಸುತ್ತಿತ್ತು. ಚಾಸಿಯ ಕಡೆಗಿರುವ ಒಳ ಅಂಚಿಗೆ ಅಂಗೈ ಒತ್ತಿ ಅಡ್ಡಡ್ಡ ಸವರಿದೆ. ಹೊರಗಿನಿಂದ ಒಳಕ್ಕೆ ಸವರಿದಾಗ ನುಣುಪು. ಒಳಗಿನಿಂದ ಹೊರಕ್ಕೆ ಸವರಿದಾಗ ಗರಗಸದ ಹಲ್ಲಿನ ಹಾಗೆ ಕೈಗೆ ಹತ್ತಿತು. ಬಟನ್ನುಗಳ ನಡುವಿನ ಗೀರಿನ ತಳದಲ್ಲಿ ಸಣ್ಣ ದಿಬ್ಬದಂತೆ ರಬ್ಬರ್ ಪಟ್ಟಿ ಇರುತ್ತದೆ. ಸವೆತ ತೋರಿಸಲೆಂದೇ ಕಂಪನಿಯವರು ಕೂರಿಸಿರುವ ಗುರುತು ಅದು. ನಿನ್ನ ಟೈರಿನ ಒಳ ಅಂಚಿನಲ್ಲಿ ಆ ಪಟ್ಟಿಯೂ ಬಟನ್ನೂ ಸಮವಾಗಿಬಿಟ್ಟಿದ್ದವು. ಅಲ್ಲಿಗೆ ಉಳಿದಿದ್ದು 1.6 ಮಿಲಿಮೀಟರ್. ಕಾರಿಗೆ ಕಾನೂನು ಹೇಳುವ ಕೊನೆಯ ಗೆರೆಯೂ ಅದೇ. ಮುಂದಿನ ಎರಡು ಟೈರು ಇನ್ನೂ ಚೆನ್ನಾಗಿದ್ದವು.

ಯಾರೂ ನಿನಗೆ ಮೋಸ ಮಾಡಿಲ್ಲ, ಮಗಳೇ. ಆ ಟೈರು ತನ್ನ ಗುಣಕ್ಕೆ ತಕ್ಕಂತೆ ನಡೆದುಕೊಂಡಿದೆ. ಅದರ ಗುಣ ಏನು, ನಿನ್ನ ಕಾರಿನ ಗುಣ ಏನು, ಎರಡಕ್ಕೂ ಕೂಡಿ ಬರುತ್ತದೋ ಇಲ್ಲವೋ ಎಂದು ಯಾರೂ ನಿನಗೆ ಬಿಡಿಸಿ ಹೇಳಲಿಲ್ಲ. ತಪ್ಪಾಗಿದ್ದು ಅಷ್ಟೇ.

ಕಾರಿನ ಭಾರದಿಂದ ಶುರುಮಾಡೋಣ. ನಿನ್ನ ಕಾರಿನ ನೆಲದಡಿ ಉದ್ದಕ್ಕೂ ಬ್ಯಾಟರಿ ಹಾಸಿದ್ದಾರೆ. ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಅದು ಸುಮಾರು 3 ಕ್ವಿಂಟಲ್ ಹೆಚ್ಚು ತೂಗುತ್ತದೆ. ನಿಮ್ಮಪ್ಪ ಭತ್ತ ತೂಗುವ ಲೆಕ್ಕದಲ್ಲಿ ಹೇಳುವುದಾದರೆ 75 ಕೆಜಿಯ ನಾಲ್ಕು ಚೀಲ. ನೀನೊಬ್ಬಳೇ ಕೂತು ಹೋದರೂ ಹಿಂದೆ ನಾಲ್ಕು ಚೀಲ ಭತ್ತ ಹೇರಿಕೊಂಡೇ ಹೋಗುತ್ತಿದ್ದೀಯ. ಆ ಭಾರವೆಲ್ಲ ನೆಲಕ್ಕೆ ಮುಟ್ಟುವುದು ನಾಲ್ಕೇ ಕಡೆ, ಒಂದೊಂದು ಕಡೆ ಹೆಚ್ಚುಕಡಿಮೆ ಅಂಗೈಯಗಲದ ಜಾಗದಲ್ಲಿ. ಕಾರು ಎಷ್ಟೇ ದೊಡ್ಡದಿರಲಿ, ಎಷ್ಟೇ ಬೆಲೆಯದಿರಲಿ, ನಿನ್ನನ್ನು ಭೂಮಿಗೆ ಹಿಡಿದಿಟ್ಟಿರುವುದು ಆ ನಾಲ್ಕು ಅಂಗೈ.

ಇನ್ನು ಎಳೆತ. ಪೆಟ್ರೋಲ್ ಎಂಜಿನ್ನಿಗೆ ಪೂರ್ತಿ ಬಲ ಬರಬೇಕಾದರೆ ಅದು ಮೊದಲು ಒಂದಿಷ್ಟು ಸುತ್ತು ತಿರುಗಿ ವೇಗ ಹಿಡಿಯಬೇಕು. ಮೋಟರಿಗೆ ಆ ಕಾಯುವಿಕೆ ಇಲ್ಲ. ನಿಂತಲ್ಲಿಂದಲೇ ಅದರ ಪೂರ್ತಿ ತಿರುಚುಬಲ ಗಾಲಿಗೆ ಹೋಗುತ್ತದೆ. ನೀವು ಪಿಕಪ್ ಅನ್ನುತ್ತೀರಿ. ನಿನಗೆ ಆ ಪಿಕಪ್ ಇಷ್ಟ ಅಂತ ನನಗೆ ಗೊತ್ತು. ಸ್ಟೇಷನ್ ಸರ್ಕಲ್ಲಿನಲ್ಲಿ ಸಿಗ್ನಲ್ ಬಿಟ್ಟ ಕೂಡಲೇ ನಿನ್ನ ಕಾರು ಬೈಕುಗಳಿಗಿಂತ ಮುಂದೆ ಹಾರಿದ್ದನ್ನು ನಾನೇ ನೋಡಿದ್ದೇನೆ.

ಕರೆಂಟ್ ಕಾರು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಚೇತನ್ ಮೈನಿಯವರ ರೇವಾ ಬಂತು. ಇಬ್ಬರು ದೊಡ್ಡವರು ಕೂರುವಷ್ಟು ಪುಟ್ಟ ಕಾರು, ಸೀಸದ ಬ್ಯಾಟರಿ, ಊರೊಳಗೆ ಓಡಾಡಲಿಕ್ಕೆ ಸಾಕು ಎನ್ನುವಷ್ಟು ವೇಗ. ಅದರ ಸಣ್ಣ ಟೈರಿಗೆ ಇಂಥ ಹೊರೆಯೂ ಇರಲಿಲ್ಲ, ಇಂಥ ಎಳೆತವೂ ಇರಲಿಲ್ಲ. 2010ರಲ್ಲಿ ಆ ಕಂಪನಿ ಮಹೀಂದ್ರಾ ಕೈಗೆ ಹೋಯಿತು. ಅದೇ ಮಹೀಂದ್ರಾ 2024ರಲ್ಲಿ ತಂದ ಬಿಇ 6 ಕಾರಿನ ಮೋಟರು ಹಿಂದಿನ ಗಾಲಿಗಳಿಗೆ 380 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತದೆ. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಕರೆಂಟ್ ಕಾರು ಕುರಿಮರಿಯಿಂದ ಹೋರಿ ಆಯಿತು. ಟೈರಿಗೆ ಬಿದ್ದ ಕೆಲಸವೂ ಅದೇ ಪ್ರಮಾಣದಲ್ಲಿ ಬೆಳೆಯಿತು.

ಟೈರು ಉರುಳುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಅದು ಉರುಳುತ್ತ ಉರುಳುತ್ತ ಕೂದಲೆಳೆಯಷ್ಟು ಜಾರುತ್ತಲೂ ಇರುತ್ತದೆ. ಜಾರದೆ ಇದ್ದರೆ ಹಿಡಿತವೇ ಹುಟ್ಟುವುದಿಲ್ಲ. ಎಳೆತ ಹೆಚ್ಚಾದಷ್ಟೂ ಜಾರುವುದೂ ಹೆಚ್ಚುತ್ತದೆ. ಸವೆತಕ್ಕೆ ಬಲವೂ ಕಾರಣ, ಜಾರುವಿಕೆಯೂ ಕಾರಣ. ಹೀಗಾಗಿ ಬಲ ಎರಡು ಪಟ್ಟಾದರೆ ಸವೆತ ಎರಡಲ್ಲ, ಸುಮಾರು ನಾಲ್ಕು ಪಟ್ಟಾಗುತ್ತದೆ. ಇದೊಂದು ಮಾತನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೋ. ಉಳಿದದ್ದೆಲ್ಲ ಇದರಿಂದಲೇ ಬಿಚ್ಚಿಕೊಳ್ಳುತ್ತದೆ.

ನಿನ್ನ ಅಜ್ಜನ ಬಂಡಿ ನನಗೆ ನೆನಪಿದೆ. ಮರದ ಗಾಲಿಗೆ ಕಬ್ಬಿಣದ ಹಳಿ. ಹೇರು ತುಂಬಿದ ಬಂಡಿಯನ್ನು ಕಣದಿಂದ ಎಬ್ಬಿಸುವಾಗ ಅಪ್ಪ ಎತ್ತುಗಳಿಗೆ ಬಾರುಕೋಲು ತೋರಿಸುತ್ತಿರಲಿಲ್ಲ. ನೊಗ ಹಿಡಿದು ಮೆಲ್ಲಗೆ ಮಾತಾಡಿಸಿ, ಎರಡೂ ಎತ್ತು ಕೂಡಿ ಹೆಗಲು ಕೊಡುವ ತನಕ ಕಾಯುತ್ತಿದ್ದರು. ಒಮ್ಮೆ ನಾನು ಅವಸರಕ್ಕೆ ಚಾಟಿ ಬೀಸಿದೆ. ಬಲಗಡೆಯ ಎತ್ತು ಎಗರಿ ಎಳೆಯಿತು, ಗೊರಸು ಜಾರಿತು, ಹೊಸದಾಗಿ ಬಡಿಸಿದ್ದ ನಾಲು ಕಿತ್ತು ಬಂತು. ಅಪ್ಪ ಬೈಯಲಿಲ್ಲ. ಆ ನಾಲನ್ನು ಎತ್ತಿ ನನ್ನ ಕೈಗೆ ಕೊಟ್ಟರು. ನಿನ್ನ ಕಾರಿನ ಎಕ್ಸಲೇಟರು ಬಾರುಕೋಲಿಗಿಂತ ಸೂಕ್ಷ್ಮ. ಪಾದದಡಿ ಕೋಳಿಮೊಟ್ಟೆ ಇದೆ ಎಂದುಕೊಂಡು ಒತ್ತು. ಮೊದಲ ಮೂವತ್ತು ಮೀಟರು ನಿಧಾನ ಸಾಗಿದರೆ ಸಾಕು, ಆಮೇಲೆ ವೇಗ ತಾನಾಗಿ ಬರುತ್ತದೆ.

ಪೆಟ್ರೋಲ್ ಕಾರಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ. ನೀನು ಎಕ್ಸಲೇಟರಿನಿಂದ ಕಾಲು ತೆಗೆದ ಕೂಡಲೇ ಮೋಟರು ಉಲ್ಟಾ ಕೆಲಸ ಮಾಡಿ ಕರೆಂಟನ್ನು ಬ್ಯಾಟರಿಗೆ ವಾಪಸ್ ತುಂಬುತ್ತದೆ, ಕಾರು ತಾನೇ ನಿಧಾನವಾಗುತ್ತದೆ. ಒಳ್ಳೆಯದೇ. ಬ್ರೇಕಿನ ಪ್ಯಾಡು ವರ್ಷಗಟ್ಟಲೆ ಬಾಳುತ್ತದೆ. ಆದರೆ ಕಾರನ್ನು ತಡೆಯುವ ಬಲವನ್ನು ಹೊರುವುದು ಟೈರೇ ಅಲ್ಲವೇ? ಸಾದಾ ಬ್ರೇಕು ಒತ್ತಿದರೆ ನಾಲ್ಕೂ ಗಾಲಿ ಹಂಚಿಕೊಳ್ಳುತ್ತವೆ, ಮುಂದಿನವು ಹೆಚ್ಚು ಹೊರುತ್ತವೆ. ನಿನ್ನ ಕಾರಿನ ಮೋಟರು ಇರುವುದು ಹಿಂದೆ. ಎಳೆಯುವುದೂ ಹಿಂದಿನ ಎರಡೇ, ಮೋಟರಿನಿಂದ ತಡೆಯುವುದೂ ಹಿಂದಿನ ಎರಡೇ. ಮುಂದಿನ ಟೈರು ಚೆನ್ನಾಗಿದ್ದು ಹಿಂದಿನವೇ ಹೋಗಿದ್ದು ಇದಕ್ಕೆ. ಹಾಗಂತ ಆ ಸೌಲಭ್ಯ ಬಂದ್ ಮಾಡಬೇಡ, ಬ್ಯಾಟರಿಗೆ ಅದು ಬೇಕು. ಕಾಲನ್ನು ಫಟ್ಟನೆ ಎತ್ತದೆ ನಿಧಾನ ಸಡಿಲ ಬಿಡುವುದು ರೂಢಿ ಮಾಡಿಕೋ. ನೀನು ದಿನಾ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ ಗಬ್ಬೂರಿನ ಹಂಪು ದೂರದಿಂದಲೇ ಕಾಣುತ್ತದೆ. ಅಲ್ಲಿಂದಲೇ ಸಡಿಲಿಸುತ್ತ ಬಾ.

ಈಗ ಟೈರಿನ ವಿಷಯ. ಕಾರಿನ ಜೊತೆ ಬಂದ ಟೈರು ಸವೆದಾಗ ಬೆಂಗಳೂರಿನಲ್ಲಿ ಅಂಗಡಿಯೊಂದಕ್ಕೆ ಹೋದೆ. ಅಲ್ಲಿಯವರು ಪರ್ಫಾರ್ಮೆನ್ಸ್ ಟೈರು ತೋರಿಸಿ, ಹಿಡಿತ ಜೋರು, ನೋಟವೂ ಚೆಂದ ಎಂದರು. ಒಂದಕ್ಕೆ 18,000 ರೂಪಾಯಿ ಕೊಟ್ಟೆ. ಹಿಡಿತ ಜೋರು ಅನ್ನುವುದು ಸುಳ್ಳಲ್ಲ. ಆದರೆ ಆ ಹಿಡಿತ ಎಲ್ಲಿಂದ ಬರುತ್ತದೆ?

ಕನ್ನಡ ಶಾಲೆಯಲ್ಲಿ ನಾವು ಪಾಟಿಯ ಮೇಲೆ ಬಳಪದಿಂದ ಬರೆಯುತ್ತಿದ್ದೆವು. ಮೆತ್ತನೆಯ ಬಳಪದ ಅಕ್ಷರ ದಪ್ಪಗೆ, ಬೆಳ್ಳಗೆ ಮೂಡುತ್ತಿತ್ತು. ಎರಡೇ ದಿನಕ್ಕೆ ಬಳಪ ಮುಗಿಯುತ್ತಿತ್ತು. ಗಟ್ಟಿ ಬಳಪ ತಿಂಗಳಗಟ್ಟಲೆ ಬರುತ್ತಿತ್ತು, ಅಕ್ಷರ ಮಾತ್ರ ಕಂಡೂ ಕಾಣದ ಹಾಗೆ. ಪರ್ಫಾರ್ಮೆನ್ಸ್ ಟೈರಿನ ರಬ್ಬರು ಆ ಮೆತ್ತನೆಯ ಬಳಪ. ರಸ್ತೆಯ ಜಲ್ಲಿಯ ಒಂದೊಂದು ಮೊನೆಗೂ ಅದು ಬಗ್ಗಿ, ಒಂದೊಂದು ಕುಳಿಯೊಳಗೂ ಇಳಿದು ಹಿಡಿಯುತ್ತದೆ. ಬಿಡುವಾಗ ತನ್ನ ಮೈಯ ಒಂದಿಷ್ಟನ್ನು ಅಲ್ಲೇ ಬಿಟ್ಟು ಬರುತ್ತದೆ. ಸಾಲದ್ದಕ್ಕೆ ಅದರ ಬಟನ್ನಿನ ಆಳವೂ ಕಡಿಮೆ. ಸಾದಾ ಕಾರ್ ಟೈರು ಹೊಸದರಲ್ಲಿ 8 ಮಿಲಿಮೀಟರ್ ಆಸುಪಾಸು ಇದ್ದರೆ ಇದು ಆರೂವರೆ, ಏಳು. ತಿರುವಿನಲ್ಲಿ ಬಟನ್ ಬಳುಕಬಾರದು ಎಂದು ಬೇಕೆಂದೇ ಗಿಡ್ಡ ಮಾಡಿರುತ್ತಾರೆ. ಕೊನೆಯ 1.6 ಕಳೆದರೆ ಬಳಸಲು ಸಿಗುವುದು ಸಾದಾ ಟೈರಿನಲ್ಲಿ ಆರೂ ಚಿಲ್ಲರೆ, ನಿನ್ನದರಲ್ಲಿ ಐದು. ಇರುವುದೇ ಕಡಿಮೆ, ಅದೂ ಮೆತ್ತಗೆ. ಮೇಲೆ ನಾಲ್ಕು ಚೀಲ ಭತ್ತ, ಹೋರಿಯ ಎಳೆತ.

ರಬ್ಬರನ್ನು ಹದ ಮಾಡುವುದು ದೊಡ್ಡ ವಿದ್ಯೆ. ಗಂಧಕ ಸೇರಿಸಿ ಕಾಯಿಸಿದರೆ ರಬ್ಬರು ಗಟ್ಟಿಯಾಗುತ್ತದೆ ಎಂದು ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡಿದ್ದು 1839ರಲ್ಲಿ. ಆಮೇಲೆ ಮಸಿ ಬೆರೆಸಿದರು, ಅದಕ್ಕೇ ಟೈರು ಕಪ್ಪು. 1990ರ ದಶಕದಿಂದ ಮಸಿಯ ಒಂದು ಪಾಲಿನ ಬದಲು ಸಿಲಿಕಾ ಬಂತು. ಹಿಡಿತ, ಬಾಳಿಕೆ, ಹಗುರಾದ ಓಟ ಈ ಮೂರನ್ನೂ ಒಂದೇ ಟೈರಿನಲ್ಲಿ ತರಲು ಇವತ್ತಿಗೂ ಹೆಣಗುತ್ತಿದ್ದಾರೆ. ಒಂದನ್ನು ಎತ್ತಿದರೆ ಇನ್ನೊಂದು ಇಳಿಯುತ್ತದೆ. ನಾನು ಕೆಲಸ ಕಲಿತ ಕಾಲಕ್ಕೆ ಇಲ್ಲಿಯ ಲಾರಿಗಳಿಗೆ ನಮ್ಮ ಮೈಸೂರಿನ ವಿಕ್ರಾಂತ್ ಟೈರು ಬರುತ್ತಿತ್ತು. 1997ರಲ್ಲಿ ಅದು ಜೆಕೆ ಟೈರ್ ಕೈಗೆ ಹೋಯಿತು. ಲಾರಿ ಟೈರಿನ ಬಟನ್ 15 ಮಿಲಿಮೀಟರಿಗೂ ಮೇಲೆ ಆಳ, ರಬ್ಬರು ಗಟ್ಟಿ. ಸವೆದರೆ ಮೇಲೆ ಹೊಸ ಪಟ್ಟೆ ಅಂಟಿಸಿ ರೀಸೋಲ್ ಮಾಡಿ ಮತ್ತೆ ಓಡಿಸಬಹುದು. ಹಾಗೆ ದುಡಿಯಲಿಕ್ಕೇ ಅದನ್ನು ಮಾಡಿರುತ್ತಾರೆ. ನಿನ್ನ ಟೈರು ದುಡಿಮೆಗೆ ಮಾಡಿದ್ದಲ್ಲ. ಗಂಟೆಗೆ 300 ಕಿಲೋಮೀಟರ್ ತಡೆಯುತ್ತದೆ ಎಂದು ಅದರ ಪಕ್ಕೆಯ ಮೇಲೆ ವೈ ಅಕ್ಷರ ಒತ್ತಿದ್ದಾರೆ. ರಾಯಚೂರಿನಿಂದ ಕಲಮಲಾ, ಗಬ್ಬೂರು ದಾಟಿ ದೇವದುರ್ಗಕ್ಕೆ ಹೋಗುವ ರಸ್ತೆಯಲ್ಲಿ ಆ ಗುಣವನ್ನು ನೀನು ಯಾವಾಗ ಬಳಸುತ್ತೀ?

ನಮ್ಮ ಕಡೆಯ ರಸ್ತೆಗಳ ಬಗ್ಗೆಯೂ ಒಂದು ಮಾತು ಇದೆ. ಮಲೆನಾಡಿನ ಘಾಟಿಯಲ್ಲಿ ಟೈರು ಸವೆದರೆ ತಿರುವುಗಳಿಗೆ ತಪ್ಪು ಹೊರಿಸಬಹುದು. ನಮ್ಮಲ್ಲಿ ಘಾಟಿ ಎಲ್ಲಿದೆ? ಮಾನ್ವಿ ರಸ್ತೆ ಕಲ್ಲೂರು, ನೀರಮಾನ್ವಿ ದಾಟುವ ತನಕ ಹಗ್ಗ ಎಳೆದಂತೆ ನೆಟ್ಟಗಿದೆ. ನೆಟ್ಟಗಿನ ರಸ್ತೆಯಲ್ಲಿ ಟೈರು ಬಹಳ ದಿನ ಬಾಳಬೇಕು. ಬಾಳದಿದ್ದರೆ ಹುಡುಕಬೇಕಾದ್ದು ಕಾಲೊತ್ತು, ಗಾಳಿ ಮತ್ತು ಅಲೈನ್‌ಮೆಂಟು. ಎಳೆತವೊಂದರಿಂದಲೇ ಹೋಗಿದ್ದರೆ ಟೈರು ಅಗಲಕ್ಕೂ ಒಂದೇ ಸಮ ಸವೆಯಬೇಕಿತ್ತು. ನಿನ್ನದರಲ್ಲಿ ಒಳ ಅಂಚು ಮೊದಲು ಬೋಳಾಗಿದೆ, ಗರಗಸದ ಹಲ್ಲು ಎದ್ದಿದೆ. ಗಾಲಿ ನೇರ ನಿಂತಿಲ್ಲ, ಅಡ್ಡ ಎಳೆದುಕೊಂಡು ಹೋಗುತ್ತಿದೆ ಎಂದು ಅದರ ಅರ್ಥ. ನಮ್ಮ ರಸ್ತೆಗಳು ಎರೆಮಣ್ಣಿನ ಮೇಲೆ ಕೂತಿವೆ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ. ನಾಟಿಯ ಕಾಲಕ್ಕೆ ಕೇಜ್ ವೀಲ್ ಬಿಚ್ಚದೆ ರಸ್ತೆಗೆ ಹತ್ತುವ ಟ್ರ್ಯಾಕ್ಟರುಗಳು ಉಳಿದದ್ದನ್ನೂ ಕೊರೆಯುತ್ತವೆ. ಒಂದು ತಗ್ಗಿಗೆ ಜೋರಾಗಿ ಬಿದ್ದರೂ ಅಲೈನ್‌ಮೆಂಟು ತಪ್ಪುತ್ತದೆ. ತಪ್ಪಿದ್ದು ಸ್ಟೇರಿಂಗಿಗೆ ಗೊತ್ತಾಗದೇ ಇರಬಹುದು, ಹಿಂದಿನ ಗಾಲಿಯದಂತೂ ಗೊತ್ತೇ ಆಗುವುದಿಲ್ಲ. 5,000 ಕಿಲೋಮೀಟರಿಗೊಮ್ಮೆ ನಾಲ್ಕೂ ಗಾಲಿಯ ಅಲೈನ್‌ಮೆಂಟ್ ನೋಡಿಸು. ಮುಂದಿನದಷ್ಟೇ ನೋಡಿ ಕಳಿಸುವವರಿದ್ದಾರೆ. ನಿಂತು ಹಿಂದಿನದನ್ನೂ ಮಾಡಿಸು.

ಗಾಳಿಯದು ಇನ್ನೂ ಸಣ್ಣ ಕೆಲಸ, ಆದರೆ ನಾನು ಹೆಚ್ಚು ಟೈರು ಸತ್ತಿದ್ದನ್ನು ನೋಡಿರುವುದು ಅದರಿಂದಲೇ. ಬಂಕಿನಲ್ಲಿ ಗಾಳಿ ಹೊಡೆಯುವ ಹುಡುಗ ಎಲ್ಲ ಕಾರಿಗೂ ಮೂವತ್ತೇ ಹೊಡೆಯುತ್ತಾನೆ. ಅವನಿಗೆ ಹೇಳಿಕೊಟ್ಟಿದ್ದು ಅಷ್ಟೇ, ಅವನದು ತಪ್ಪಿಲ್ಲ. ನಿನ್ನ ಕಾರಿನ ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕರ್ ಇದೆ. ನಾನು ಅವತ್ತು ಓದಿದೆ, 36 ಎಂದಿದೆ. ಭಾರದ ಕಾರಿಗೆ 30 ಗಾಳಿ ಇಟ್ಟು ಓಡಿಸಿದರೆ ಟೈರಿನ ಎರಡೂ ಭುಜ ನೆಲಕ್ಕೆ ಉಜ್ಜುತ್ತವೆ, ಪಕ್ಕೆ ಮಡಿಚಿ ಮಡಿಚಿ ಒಳಗೆ ಕಾವು ಏರುತ್ತದೆ. ಮೆತ್ತನೆಯ ರಬ್ಬರಿಗೆ ಕಾವೇ ಶತ್ರು. ನಮ್ಮೂರಿನ ಮೇ ತಿಂಗಳು ನಿನಗೆ ಗೊತ್ತೇ ಇದೆ. ನೆರಳಲ್ಲೇ 42, 43 ಡಿಗ್ರಿ, ಬಿಸಿಲಿಗೆ ಕಾದ ಡಾಂಬರಿನ ಮೇಲೆ ಬರಿಗಾಲು ಇಡಲಾಗುವುದಿಲ್ಲ. ಅಂಥ ರಸ್ತೆಯ ಮೇಲೆ ಮಧ್ಯಾಹ್ನ ಎರಡು ಗಂಟೆಗೆ ನೂರರಲ್ಲಿ ಬರುವ ಟೈರಿನ ಮೈ ಮುಟ್ಟಿ ನೋಡು.

ಗಾಳಿ ನೋಡುವುದಾದರೆ ಬೆಳಿಗ್ಗೆ, ಕಾರು ತೆಗೆಯುವ ಮೊದಲು ನೋಡು. ಐದಾರು ಡಿಗ್ರಿ ಕಾವು ಏರಿದರೆ ಗಾಳಿಯ ಒತ್ತಡ ಒಂದು ಪಾಯಿಂಟಿನಷ್ಟು ಏರುತ್ತದೆ. ಮಧ್ಯಾಹ್ನ ಓಡಿಸಿಕೊಂಡು ಬಂದು ಅಳೆದರೆ 41, 42 ತೋರಿಸಬಹುದು. ಗಾಬರಿಯಾಗಿ ಬಿಟ್ಟುಬಿಡಬೇಡ. ಮರುದಿನ ತಂಪಿನಲ್ಲಿ ಅದು 30ಕ್ಕೆ ಇಳಿದಿರುತ್ತದೆ. ಬೇಸಿಗೆಯಲ್ಲಿ ಗಾಳಿ ಕಡಿಮೆ ಇಡಬೇಕು ಎನ್ನುವ ಮಾತನ್ನು ಅನುಭವಸ್ಥ ಡ್ರೈವರುಗಳೂ ಹೇಳುತ್ತಾರೆ. ನಾನೂ ಚಿಕ್ಕವನಿದ್ದಾಗ ನಂಬಿದ್ದೆ. ಅದು ತಪ್ಪು. ಗಾಳಿ ಕಡಿಮೆಯಾದರೆ ಕಾವು ಹೆಚ್ಚುತ್ತದೆ.

ಇನ್ನು ದುಡ್ಡಿನ ಲೆಕ್ಕ. ಹಿಂದಿನ ಎರಡು ಟೈರಿಗೆ 36,000 ಕೊಟ್ಟೆ, ಓಡಿದ್ದು 14,000 ಕಿಲೋಮೀಟರ್. ಕಿಲೋಮೀಟರಿಗೆ ಎರಡೂವರೆ ರೂಪಾಯಿ ಬರೀ ಹಿಂದಿನ ಟೈರಿಗೇ ಹೋಯಿತು. ಮನೆಯಲ್ಲಿ ರಾತ್ರಿ ಹಚ್ಚುವ ಕರೆಂಟಿಗೆ ಕಿಲೋಮೀಟರಿಗೆ ಅದರ ಅರ್ಧವೂ ಆಗುವುದಿಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ನಮ್ಮ ಮನೆ ಮಾಳಿಗೆಯಿಂದ ಕಾಣುತ್ತದೆ. 1985ರಿಂದ ಅಲ್ಲಿ ಕರೆಂಟು ಹುಟ್ಟುತ್ತಿದೆ. ನಮ್ಮೂರ ಕರೆಂಟಿನಲ್ಲೇ ನಮ್ಮ ಮಗಳ ಕಾರು ಓಡುತ್ತದಲ್ಲ ಎಂದು ನನಗೂ ಹೆಮ್ಮೆ. ಪೆಟ್ರೋಲ್ ಕಾರಿಗೆ ಹೋಲಿಸಿದರೆ ದೇವದುರ್ಗಕ್ಕೆ ಹೋಗಿಬರುವುದರಲ್ಲಿ ದಿನಕ್ಕೆ ಐದಾರು ನೂರು ನಿನಗೆ ಉಳಿಯುತ್ತದೆ. ಅದು ಪೂರ್ತಿ ಉಳಿತಾಯ ಎಂದುಕೊಳ್ಳಬೇಡ. ಅದರಲ್ಲಿ ಒಂದು ನೂರು ಟೈರಿನದು ಎಂದು ಅವತ್ತವತ್ತೇ ಬೇರೆ ಎತ್ತಿಡು. ಟೈರು ಬದಲಿಸುವ ದಿನ ಬಂದಾಗ ಕೈ ನಡುಗುವುದಿಲ್ಲ. ಕೈಯಲ್ಲಿ ದುಡ್ಡಿಲ್ಲ, ಇನ್ನೊಂದು ತಿಂಗಳು ಓಡಲಿ ಎಂದು ಬೋಳು ಟೈರಿನ ಮೇಲೆ ಓಡಿಸಿದವರನ್ನು ನಾನು ಬಹಳ ನೋಡಿದ್ದೇನೆ. ಕೆಲವರನ್ನು ಆಮೇಲೆ ನೋಡಲಿಲ್ಲ.

ಈಗ ಯಾವ ಟೈರು ಹಾಕಿಸಬೇಕು ಅನ್ನುವುದು. ನನ್ನ ಮಾತು ಕೇಳುವುದಾದರೆ ಆ ಮೆತ್ತನೆಯದನ್ನು ಬಿಡು. ಕರೆಂಟ್ ಕಾರಿಗೆಂದೇ ಮಾಡಿದ ಟೈರು ಈಗ ಬರುತ್ತವೆ. ಭಾರ ತಡೆಯುವ ಗಟ್ಟಿ ಪಕ್ಕೆ, ನಿಧಾನ ಸವೆಯುವ ಬಟನ್, ಹಗುರಾಗಿ ಉರುಳುವ ರಬ್ಬರು. ಹಗುರಾಗಿ ಉರುಳಿದರೆ ಒಂದು ಚಾರ್ಜಿಗೆ ಓಡುವ ದೂರವೂ ಹೆಚ್ಚುತ್ತದೆ. ಮೆತ್ತನೆಯ ಟೈರು ಅದನ್ನೂ ತಿನ್ನುತ್ತಿತ್ತು. ಅಂಗಡಿಯಲ್ಲಿ ನಿಂತಾಗ ಟೈರಿನ ಪಕ್ಕೆ ಓದು. ಅಳತೆಯ ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. 91 ಇದ್ದರೆ ಆ ಟೈರು 615 ಕೆಜಿ ಹೊರುತ್ತದೆ, 95 ಇದ್ದರೆ 690 ಕೆಜಿ. ಕಾರಿನ ಜೊತೆ ಬಂದ ಟೈರಿನ ಮೇಲೆ ಎಷ್ಟಿತ್ತೋ ಅದಕ್ಕಿಂತ ಒಂದು ಅಂಕಿ ಕಡಿಮೆ ಇದ್ದರೂ ಬೇಡ ಅನ್ನು. ಸೋವಿಗೆ ಸಿಗುತ್ತದೆ ಎಂದು ಹಾಕಿಸಿಕೊಳ್ಳಬೇಡ. ಕೆಲವು ಟೈರಿನ ಮೇಲೆ ಟ್ರೆಡ್‌ವೇರ್ ಎಂದು ಬರೆದು ಸಂಖ್ಯೆ ಕೊಟ್ಟಿರುತ್ತಾರೆ. 200, 300 ಇದ್ದರೆ ಬೇಗ ಸವೆಯುವ ಜಾತಿ. 400, 500 ಇದ್ದರೆ ಬಾಳಿಕೆಯದು. ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಟೈರು ಹೊಳೆಯುತ್ತಿದ್ದರೂ ಒಳಗೆ ಒಣಗಿರುತ್ತದೆ. ಅದನ್ನು ಓದದೆ ದುಡ್ಡು ಕೊಡಬೇಡ.

ನಾಲ್ಕೂ ಟೈರು ಒಂದೇ ಅಳತೆಯವಾದರೆ 8,000 ಕಿಲೋಮೀಟರಿಗೊಮ್ಮೆ ಹಿಂದಿನವನ್ನು ಮುಂದಕ್ಕೆ, ಮುಂದಿನವನ್ನು ಹಿಂದಕ್ಕೆ ಹಾಕಿಸು. ಹೊರೆ ನಾಲ್ಕಕ್ಕೂ ಹಂಚಿಹೋಗುತ್ತದೆ. ಕೆಲವು ಕಾರಿನಲ್ಲಿ ಹಿಂದಿನವು ಹೆಚ್ಚು ಅಗಲ ಇರುತ್ತವೆ. ಅಂಥವಕ್ಕೆ ಈ ಬದಲಿ ನಡೆಯುವುದಿಲ್ಲ. ನಿನ್ನದು ಒಂದೇ ಅಳತೆ. ಆರು ತಿಂಗಳಲ್ಲಿ ಒಮ್ಮೆಯಾದರೂ ಬದಲಿ ಮಾಡಿಸಿದ್ದರೆ ಇವತ್ತು ಹಿಂದಿನವು ಈ ಗತಿಗೆ ಬರುತ್ತಿರಲಿಲ್ಲ. ನಿನಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಮ್ಮ ಮನೆಯಲ್ಲೇ ಟೈರಿನ ಕೆಲಸದವನಿದ್ದೂ ಹೀಗಾಯಿತಲ್ಲ ಎನ್ನುವ ನೋವು ನನಗಿದೆ.

ನಿನ್ನ ಕಾರಿನಲ್ಲಿ ಸ್ಟೆಪ್ನಿ ಇಲ್ಲ. ಡಿಕ್ಕಿಯಲ್ಲಿ ಒಂದು ಸಣ್ಣ ಪಂಪು, ಒಂದು ಬಾಟಲಿ ಅಂಟು ದ್ರವ ಅಷ್ಟೇ ಇದೆ. ಮೊಳೆ ಚುಚ್ಚಿದರೆ ಅದು ಸಾಕು, ಪಕ್ಕೆ ಹರಿದರೆ ಯಾವ ಕೆಲಸಕ್ಕೂ ಬಾರದು. ಗಿಡ್ಡ ಪಕ್ಕೆಯ ಟೈರು ತಗ್ಗಿಗೆ ಬಿದ್ದರೆ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕು ಪಕ್ಕೆ ಒಡೆಯುವುದು ಬೇಗ. ರಾತ್ರಿ ಎಂಟು ಗಂಟೆಗೆ ಗಬ್ಬೂರಿನಾಚೆ ಹಾಗಾದರೆ 19 ಇಂಚಿನ ಟೈರು ನಿನಗೆ ಯಾರು ಕೊಡುತ್ತಾರೆ? ದೇವದುರ್ಗದಲ್ಲಿ ಸಿಗುವುದಿಲ್ಲ, ರಾಯಚೂರಿನಲ್ಲೂ ನಾನು ಹೈದರಾಬಾದಿನಿಂದ ತರಿಸಬೇಕು. ಇನ್ನೊಂದು, ನಿನ್ನ ಟೈರಿನ ಒಳಮೈಗೆ ಸದ್ದು ತಡೆಯಲು ಸ್ಪಂಜು ಅಂಟಿಸಿದ್ದಾರೆ. ಪಂಕ್ಚರ್ ಹಾಕುವವನಿಗೆ ಅದನ್ನು ಮೊದಲೇ ಹೇಳು, ಇಲ್ಲವಾದರೆ ಗಾಬರಿಯಾಗುತ್ತಾನೆ. ಆ ಜಾಗದ ಸ್ಪಂಜನ್ನಷ್ಟೇ ಕತ್ತರಿಸಿ ತೆಗೆದು ಪ್ಯಾಚ್ ಹಾಕಬೇಕು. ನಿನ್ನ ಕಾರಿನ ಪುಸ್ತಕದಲ್ಲಿ 18 ಇಂಚಿನ ಗಾಲಿಗೂ ಒಪ್ಪಿಗೆ ಇದ್ದರೆ ಅದನ್ನೇ ಹಾಕಿಸಿಕೋ ಎನ್ನುತ್ತೇನೆ. ಪಕ್ಕೆ ಎತ್ತರ ಸಿಗುತ್ತದೆ, ನಮ್ಮ ತಗ್ಗುಗಳಿಗೆ ತಡೆಯುತ್ತದೆ. ನೋಟಕ್ಕೆ ಸ್ವಲ್ಪ ಕಡಿಮೆ ಅನ್ನಿಸಬಹುದು.

ಮಳೆಗಾಲ ದೂರ ಇಲ್ಲ. ಬಟನ್ನಿನ ಗೀರು ಇರುವುದು ನೀರನ್ನು ಹೊರಗೆ ಹಾಕಲಿಕ್ಕೆ. ಗೀರು ಸವೆದು ಹೋದರೆ ನೀರು ಟೈರಿನಡಿ ಸಿಕ್ಕಿಬಿದ್ದು ಕಾರು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಸ್ಟೇರಿಂಗೂ ಇಲ್ಲ, ಬ್ರೇಕೂ ಇಲ್ಲ. ಅಗಲ ಟೈರಿಗೆ ಈ ಅಪಾಯ ಹೆಚ್ಚು, ಅದು ತಳ್ಳಬೇಕಾದ ನೀರೂ ಹೆಚ್ಚು. ಕಾಲುವೆ ಬದಿಯ ರಸ್ತೆಗಳಲ್ಲಿ ಒಂದು ಮಳೆ ಬಿದ್ದರೆ ಗೇಣು ನೀರು ನಿಲ್ಲುವುದನ್ನು ನೀನು ಮಾನ್ವಿಯಲ್ಲೇ ನೋಡಿ ಬೆಳೆದವಳು. ಕಾನೂನು 1.6 ಎನ್ನುತ್ತದೆ. ನಾನು ಮಳೆಗಾಲಕ್ಕೆ 3 ಮಿಲಿಮೀಟರಿಗೇ ಬದಲಿಸು ಎನ್ನುತ್ತೇನೆ.

ಸವೆದ ರಬ್ಬರು ಎಲ್ಲಿ ಹೋಗುತ್ತದೆ ಎಂದು ನಾನು ಬಹಳ ದಿನ ಯೋಚಿಸಿರಲಿಲ್ಲ. ಒಂದು ಟೈರು ಹೊಸದರಿಂದ ಬೋಳಾಗುವ ತನಕ ಒಂದು ಕಿಲೋದಷ್ಟು ರಬ್ಬರು ಪುಡಿಯಾಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮಳೆ ಬಂದಾಗಲೆಲ್ಲ ಹಳ್ಳಗಳಲ್ಲಿ ಕೋಹೋ ಸಾಲ್ಮನ್ ಮೀನು ಸಾಯುತ್ತಿದ್ದವು. ಟೈರು ಬೇಗ ಬಿರಿಯದಿರಲೆಂದು ರಬ್ಬರಿಗೆ ಬೆರೆಸುವ ಒಂದು ರಾಸಾಯನಿಕವು ಗಾಳಿಯೊಡನೆ ಸೇರಿ ವಿಷವಾಗಿ, ಮಳೆನೀರಿನೊಂದಿಗೆ ಹಳ್ಳ ಸೇರುತ್ತದೆ ಎಂದು 2020ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ನಮ್ಮ ರಸ್ತೆಯ ಬದಿಗೆ ಇರುವುದು ಭತ್ತದ ಗದ್ದೆ, ತುಂಗಭದ್ರೆಯ ಎಡದಂಡೆ ಕಾಲುವೆ. ಹೊಗೆ ಬಿಡದ ಕಾರು ಎಂದು ನೀನು ಹೆಮ್ಮೆಪಡುತ್ತೀ, ಸರಿಯಾಗಿದೆ. ಟೈರು ನಿಧಾನ ಸವೆಯುವಂತೆ ಓಡಿಸಿದರೆ ಆ ಹೆಮ್ಮೆ ಪೂರ್ತಿಯಾಗುತ್ತದೆ.

ನಿನಗೆ ಬೇಕಾದ ಟೈರಿಗೆ ಹೈದರಾಬಾದಿಗೆ ಫೋನ್ ಮಾಡಿದ್ದೇನೆ, ಗುರುವಾರ ಬರುತ್ತದೆ. ದುಡ್ಡಿಗೆ ಅವಸರ ಇಲ್ಲ, ನಿನ್ನ ಪಗಾರ ಆದ ಮೇಲೆ ಕೊಡು. ಹಿಂದಿನ ಗಾಲಿಯ ಅಲೈನ್‌ಮೆಂಟು ನಾನೇ ನಿಂತು ಮಾಡಿಸುತ್ತೇನೆ. ಅಲ್ಲಿಯ ತನಕ ಆ ಕಾರನ್ನು ಶೆಡ್ಡಿನಿಂದ ತೆಗೆಯಬೇಡ. ದೇವದುರ್ಗಕ್ಕೆ ಬಸ್ಸಿನಲ್ಲಿ ಹೋಗು.

ನಿನ್ನ ಕಾಕಾ